ನಾಲ್ಕು ಎಲೆ, ಮೂರು ಪಂಕ್ತಿ

ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಆಸಕ್ತಿ ಇದ್ದವಳು ನನ್ನ ಹೆಂಡತಿ ಒಬ್ಬಳೇ, ಅವಳಿಗೆ ಅದು ಬಾಯಿಪಾಠವಾಗಿದೆ. ಮುಂಬಯಿಯ ನಗರ ಯೋಜನೆಯ ಕಚೇರಿಗಳಿಗೆ ಹೊಸದಾಗಿ ಸೇರುವ ನಮ್ಮ ಹುಡುಗ ಹುಡುಗಿಯರು ಮದುವೆ ಮುಂಜಿಗಳಲ್ಲಿ ಸಿಕ್ಕಿದಾಗ, "ಅಂಕಲ್, ಆವಾಗ ಕಂಪ್ಯೂಟರ್ ಇರ್ಲಿಲ್ಲ, ತೋ ಕೈಸೆ ಕರ್ತೆ ಥೇ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಕೈಯಿಂದ ಮಾಡುತ್ತಿದ್ದೆವು, ಮಕ್ಕಳೇ. ತಪ್ಪನ್ನೂ ಕೈಯಿಂದಲೇ ಮಾಡಬೇಕಾಗಿತ್ತು, ಆದ್ದರಿಂದ ನಿಮಗಿಂತ ನಿಧಾನವಾಗಿ ತಪ್ಪು ಮಾಡುತ್ತಿದ್ದೆವು.

ನಾನು ಮಲ್ಲಪ್ಪ ಬಿರಾದಾರ, ಬಿಜಾಪುರ ಜಿಲ್ಲೆಯ ಇಂಡಿ ಕಡೆಯವನು. ಅರವತ್ತರ ದಶಕದ ಕೊನೆಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಮುಂಬಯಿಗೆ ಬಂದು, ಫೋರ್ಟಿನ ಒಂದು ಸರಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ನಮ್ಮಪ್ಪ ಊರಲ್ಲೆಲ್ಲ "ಮಗಾ ಮುಂಬೈ ಬರ್ಯಾಕ ಹೋಗ್ಯಾನ" ಎಂದು ಹೇಳಿಕೊಂಡು ತಿರುಗಿದರಂತೆ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಆಗಿದ್ದೇನೆ ಎಂದು ಅರ್ಧ ಊರು ತಿಳಿದುಕೊಂಡಿತು. ನನ್ನ ಮದುವೆ ಆಗುವ ತನಕ ಆ ತಪ್ಪು ತಿದ್ದಲಿಲ್ಲ, ಏಕೆಂದರೆ ಪೇಂಟರನಿಗೆ ಹೆಣ್ಣು ಕೊಡಲು ಜನ ತಯಾರಿದ್ದರು.

ನಮ್ಮ ಕಾಲದ ಮುಖ್ಯ ಸಾಮಗ್ರಿ ಟ್ರೇಸಿಂಗ್ ಬಟ್ಟೆ. ಕಾಗದವಲ್ಲ, ಬಟ್ಟೆ. ಗಂಜಿ ಹಾಕಿ ಗಾಜಿನಂತೆ ನಯ ಮಾಡಿದ ತೆಳುವಾದ ನೀಲಿ ಬಟ್ಟೆ. ಅದರ ಮೇಲೆ ಕಪ್ಪು ಶಾಯಿಯಲ್ಲಿ ನಕ್ಷೆ ಬರೆಯಬೇಕು, ತಪ್ಪಿದರೆ ದಾಡಿ ಮಾಡುವ ಬ್ಲೇಡಿನಿಂದ ಕೆರೆಯಬೇಕು. ಮೇ ತಿಂಗಳಲ್ಲಿ ಬೆವರಿನ ಒಂದು ಹನಿ ಬಿದ್ದರೆ ಅಷ್ಟು ಜಾಗ ಉಬ್ಬಿ, ಅಲ್ಲೊಂದು ಕೆರೆ ತಾನೇ ಹುಟ್ಟುತ್ತಿತ್ತು. ಆದರೆ ಈ ಬಟ್ಟೆಗೆ ಒಂದು ದೊಡ್ಡ ಗುಣವಿತ್ತು. ಯೋಜನೆ ರದ್ದಾದರೆ ನಕ್ಷೆಯನ್ನು ಮನೆಗೆ ಒಯ್ದು ಬಿಸಿನೀರಿನಲ್ಲಿ ನೆನೆಹಾಕಿದರೆ ಗಂಜಿ, ನೀಲಿ ಎಲ್ಲ ಬಿಟ್ಟು ಮೆತ್ತನೆಯ ಬಿಳಿ ಮಲಮಲ್ ಬಟ್ಟೆ ಸಿಗುತ್ತಿತ್ತು. ನನ್ನ ದೊಡ್ಡ ಮಗಳ ಮೊದಲ ಅಂಗಿ ಒಂದು ರದ್ದಾದ ಒಳಚರಂಡಿ ಯೋಜನೆ. ಯಾವ ಸರಕಾರಿ ಯೋಜನೆಯೂ ಪೂರ್ತಿ ವ್ಯರ್ಥವಾಗುವುದಿಲ್ಲ ಎಂದು ನಾನು ಆಗಲೇ ಕಲಿತೆ.

ನನ್ನ ಮೇಲೆ ಇಬ್ಬರು ಸಾಹೇಬರಿದ್ದರು. ರಸ್ತೆ ವಿಭಾಗಕ್ಕೆ ಪ್ರಧಾನ್ ಸಾಹೇಬರು. ಅಮೇರಿಕೆಯಲ್ಲಿ ಕೆಲವು ತಿಂಗಳು ತರಬೇತಿ ಪಡೆದು ಬಂದಿದ್ದರು. ಅಲ್ಲಿಂದ ಬಂದಮೇಲೆ ಅವರಿಗೆ ಮುಂಬಯಿಯಲ್ಲಿ ಕಾರುಗಳು ಮಾತ್ರ ಕಾಣುತ್ತಿದ್ದವು. ಒಳ್ಳೆಯ ಮನುಷ್ಯ, ಎಂದೂ ಯಾರನ್ನೂ ಬೈಯುತ್ತಿರಲಿಲ್ಲ, ಬೈಯಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಚಹಾವನ್ನು ಕೂಡ ನಿಂತೇ ಕುಡಿಯುತ್ತಿದ್ದರು. ವಸತಿ ವಿಭಾಗಕ್ಕೆ ಗುಪ್ತೆ ಬಾಯಿ. ದಹಿಸರದಿಂದ ದಿನಾ ಲೋಕಲ್ ಗಾಡಿಯಲ್ಲಿ ಬರುವವರು. ದಹಿಸರ್ ಅಂದರೆ ಆಗ ಗದ್ದೆ, ಉಪ್ಪಿನ ಮಡಿ, ನಾಲ್ಕಾರು ಮನೆ ಅಷ್ಟೇ. ಬಾಯಿಯವರು ಕಚೇರಿಗೆ ಬಂದು ಕುಳಿತು ಮೊದಲು ಸೆರಗು ಕೊಡವಿ, ರೈಲನ್ನು ಬೈದು, ಆಮೇಲೆ ಕೆಲಸ ಶುರುಮಾಡುತ್ತಿದ್ದರು. "ಗೆರೆ ಎಳೆಯುವ ಮೊದಲು ಆ ಜಾಗದಲ್ಲಿ ಒಂದು ಸಾರಿ ನಿಂತು ಬಾ" ಎಂದು ಅವರು ನನಗೆ ಹೇಳದ ವಾರವಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆ ಬಂಡಿ ನಾನು.

ಪ್ರಧಾನ್ ಸಾಹೇಬರ ಮಹದಾಸೆ ಒಂದು ಇಂಟರ್‌ಚೇಂಜ್. ಬೈಕುಲ್ಲಾದ ಹತ್ತಿರ, ರೈಲು ಹಳಿಯ ಪಕ್ಕದಲ್ಲಿ, ಎರಡು ದೊಡ್ಡ ರಸ್ತೆಗಳು ಕೂಡುವ ಕಡೆ ಒಂದರ ಮೇಲೊಂದು ರಸ್ತೆ ಹಾಯಿಸಿ, ನಾಲ್ಕು ಮೂಲೆಗೆ ನಾಲ್ಕು ಸುತ್ತು ದಾರಿ ಹಾಕುವುದು. ಕಾರುಗಳು ಎಲ್ಲಿಯೂ ನಿಲ್ಲದೆ ತಿರುಗಿಕೊಂಡು ಹೋಗಬೇಕು. ಮೇಲಿನಿಂದ ನೋಡಿದರೆ ನಾಲ್ಕು ದಳದ ಎಲೆಯಂತೆ ಕಾಣುತ್ತದೆ, ಹೆಸರೂ ಕ್ಲೋವರ್ ಲೀಫ್. ಅದರ ಖರ್ಚು ಎಷ್ಟೆಂದು ಕೇಳಿದಾಗ ಲೆಕ್ಕ ವಿಭಾಗದವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನಲಿಲ್ಲ, ಏಕೆಂದರೆ ಆ ಮಲ್ಲಿಗೆ ಹೂವನ್ನು ಬರೆಯಬೇಕಾದವನು ನಾನೇ.

ಮೊದಲು ವಾಹನ ಎಣಿಸಬೇಕಿತ್ತು. ಆ ಕೆಲಸಕ್ಕೆ ನನ್ನ ಜೊತೆ ಬಂದವನು ಹುಸೇನಸಾಬ. ಕಲಬುರ್ಗಿ ಕಡೆಯವನು, ನಮ್ಮ ಕಚೇರಿಯಲ್ಲಿ ಸರ್ವೆ ಸರಪಳಿ ಹಿಡಿಯುವುದು, ನಕ್ಷೆಗಳ ಪ್ರಿಂಟು ತೆಗೆಯುವುದು ಎರಡೂ ಅವನ ಕೆಲಸ. ಮನೆಯಲ್ಲಿ ದಖ್ಖನಿ, ನನ್ನ ಜೊತೆ ಕನ್ನಡ, ಸಾಹೇಬರ ಮುಂದೆ ಮೌನ. ನಾವಿಬ್ಬರೂ ಆ ರಸ್ತೆಗಳು ಕೂಡುವ ನಾಕಾದಲ್ಲಿ ಸ್ಟೂಲು ಹಾಕಿ ಕುಳಿತೆವು. ಕಾರು, ಲಾರಿ, ಬಸ್ಸು, ಕುದುರೆಗಾಡಿ, ಕೈಗಾಡಿ, ಒಂದೊಂದಕ್ಕೂ ಒಂದೊಂದು ಗೆರೆ. ಮಧ್ಯಾಹ್ನ ಒಂದು ಮದುವೆ ಮೆರವಣಿಗೆ ಬಂತು. ಮುಂದೆ ಬ್ಯಾಂಡು, ನಡುವೆ ಕುದುರೆಯ ಮೇಲೆ ಮದುಮಗ, ಹಿಂದೆ ರಸ್ತೆ ತುಂಬ ಜನ. ಹುಸೇನಸಾಬ ಪೆನ್ಸಿಲ್ ಎತ್ತಿಕೊಂಡು ಕೂತುಬಿಟ್ಟ.

"ಇದನ್ನ ಯಾತರಾಗ ಬರೀಲಿ ಜೀ?" ಎಂದ.

"ಕುದುರೆ ಐತಲ್ಲ, ಕುದುರಿಗಾಡಿ ಅಂತ ಬರಿ" ಎಂದೆ.

"ಗಾಡಿ ಎಲ್ಲೈತಿ? ಮದಿವಿ ಆದಮ್ಯಾಲ ಅವನ ಗಾಡಿ ಎಳೀತಾನ. ಈಗಿನ್ನಾ ಇಲ್ಲ."

ಹಿಂದಿದ್ದ ಜನರನ್ನು ಎಲ್ಲಿ ಬರೆಯುವುದು ಎಂದು ಸಂಜೆ ಪ್ರಧಾನ್ ಸಾಹೇಬರನ್ನು ಕೇಳಿದೆ. ನಡೆಯುವವರು ಟ್ರಾಫಿಕ್ ಅಲ್ಲ ಎಂದರು. ಆ ನಾಕಾದಲ್ಲಿ ರೈಲಿನಿಂದ ಇಳಿದು ಮಾರ್ಕೆಟ್ಟಿಗೆ, ಮಿಲ್ಲಿಗೆ, ಕಾರಖಾನೆಗೆ ನಡೆದು ಹೋಗುವವರೇ ಹೆಚ್ಚು. ಅವರ ನಡುವೆ ಕಾರು ತೂರಿಕೊಂಡು ಬರುವುದೇ ಒಂದು ಸಾಹಸ. ಆದರೆ ನಮ್ಮ ಎಣಿಕೆಯ ಪ್ರಕಾರ ಆ ರಸ್ತೆಯಲ್ಲಿ ಮನುಷ್ಯರೇ ಇರಲಿಲ್ಲ.

ನಾಲ್ಕು ದಳಗಳು ಬೀಳಬೇಕಾದ ಜಾಗದಲ್ಲಿ ಒಂದು ವಸ್ತಿ, ಅಂದರೆ ಗುಡಿಸಲು ಕೇರಿ, ಇತ್ತು. ಬಹಳ ಮಂದಿ ನಮ್ಮ ಬಿಜಾಪುರ, ಕಲಬುರ್ಗಿ ಕಡೆಯ ಕೂಲಿಯವರು. ತಮಾಷೆ ಎಂದರೆ ಅವರಲ್ಲಿ ಮುಕ್ಕಾಲು ಪಾಲು ರಸ್ತೆಗೆ ಡಾಂಬರು ಹಾಕುವವರೇ. ವಸ್ತಿಯ ನಡುವೆ ಶಾವಂತ್ರವ್ವನ ಖಾನಾವಳಿ. ತಗಡಿನ ಮಾಡು, ಎರಡು ಒಲೆ, ಸುತ್ತಲಿನ ಕಾರಖಾನೆಗಳ ನಮ್ಮವರೆಲ್ಲ ಮಧ್ಯಾಹ್ನ ಅಲ್ಲಿಯೇ ಉಣ್ಣಬೇಕು. ಗಂಡ ತೀರಿಹೋದ ಮೇಲೆ ಆಕೆ ಆ ಒಲೆಗಳ ಮೇಲೆ ಮಗನನ್ನು ಸಾಕಿದ್ದಳು. ಜೋಳದ ರೊಟ್ಟಿ ಬಡಿಯುವಾಗ ಆಕೆಯ ಕೈಯ ಸಪ್ಪಳ ಹಳಿಯ ಆಚೆ ಕೇಳುತ್ತಿತ್ತು. ನಾನೂ ಅಲ್ಲಿ ಎಷ್ಟೋ ಸಲ ಉಂಡವನು.

ಒಂದು ದಿನ ಪ್ರಧಾನ್ ಸಾಹೇಬರು ನನ್ನನ್ನು ಕರೆದು, "ಬಿರಾದಾರ್, ಆ ಜನ ನಿಮ್ಮ ಭಾಷೆಯವರು. ಹೋಗಿ ತಿಳಿಸಿ ಹೇಳು" ಎಂದರು. ನಾನು ನೀಲಿ ಪ್ರಿಂಟು ಸುತ್ತಿಕೊಂಡು ಹೊರಟೆ. ದಾರಿಯುದ್ದಕ್ಕೂ ಕ್ಲೋವರ್ ಲೀಫಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಯೋಚಿಸಿ, ಕೊನೆಗೆ ನಾಲ್ಕು ಎಲೆ ಎಂದು ಇಟ್ಟೆ. ಇಂಥ ಚೆಂದದ ಅನುವಾದ ಯಾವ ಪಂಡಿತನೂ ಮಾಡಲಾರ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಖಾನಾವಳಿಯಲ್ಲಿ ಜನ ಕೂಡಿದರು. ನಾನು ಪ್ರಿಂಟು ಹಾಸಿ ಗಂಟಲು ಸರಿಮಾಡಿಕೊಂಡೆ.

"ನೋಡ್ರಿ, ಇಲ್ಲಿ ಸರಕಾರದವರು ನಾಕ ಎಲಿ ಹಾಕ್ತಾರ. ಸಣ್ಣ ಎಲಿ ಅಲ್ಲ. ಹಿಂದುಸ್ತಾನದಾಗ ಯಾರೂ ಇಷ್ಟ ದೊಡ್ಡ ಎಲಿ ಹಾಕಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಖುಷಿಯಾದಂತೆ ಕಂಡಿತು.

"ಖರ್ಚ?" ಎಂದು ಒಬ್ಬ ಮುದುಕ ಕೇಳಿದ.

"ಎಲ್ಲಾ ಸರಕಾರದ್ದು."

"ಮತ್ತ ನಾವೇನ ಮಾಡಬೇಕು?"

"ಎಲಿ ಹಾಕಾಕ ಜಾಗಾ ಬೇಕಲ್ಲ. ನೀವೆಲ್ಲಾ ಇಲ್ಲಿಂದ ಏಳಬೇಕಾಗ್ತೈತಿ."

"ಅಯ್ಯ, ಅದಕ್ಕೇನ, ಏಳ್ತೀವಿ ತಗೋ!" ಎಂದಳು ಶಾವಂತ್ರವ್ವ. ಎಲ್ಲರೂ ಹೂಂ ಎಂದರು. ನನಗೆ ಆಶ್ಚರ್ಯವಾಯಿತು, ಆದರೆ ಬಂದ ಭಾಗ್ಯ ಯಾಕೆ ಬಿಡಲಿ? ಕಚೇರಿಗೆ ಓಡಿಬಂದು, "ಸರ್, ವಸ್ತಿಯವರು ಒಪ್ಪಿದರು, ಒಬ್ಬರೂ ತಕರಾರು ತೆಗೆಯಲಿಲ್ಲ" ಎಂದೆ. ಪ್ರಧಾನ್ ಸಾಹೇಬರು ಅಂದು ಮೊದಲ ಬಾರಿ ಕುಳಿತು ಚಹಾ ಕುಡಿದರು.

ಕೆಲವು ದಿನ ಬಿಟ್ಟು ಶಾವಂತ್ರವ್ವ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು, ಇಳಕಲ್ ಸೀರೆ ಉಟ್ಟು, ಕಚೇರಿಗೆ ಬಂದಳು. ಸಾಹೇಬರ ಮುಂದೆ ನಿಂತು ಕೈ ಮುಗಿದು, ನನ್ನ ಕಡೆ ತಿರುಗಿದಳು.

"ತಮ್ಮಾ, ನಿಮ್ಮ ಸಾಹೇಬ್ರನ್ನ ಕೇಳು. ಅಡಗಿ ಯಾರಿಗೆ ಹೇಳ್ಯಾರ?"

"ಯಾವ ಅಡಗಿ ಅಕ್ಕಾ?"

"ನೀನ ಅಂದಿ ಅಲ್ಲೋ, ಸರಕಾರದವರು ದೊಡ್ಡ ದೊಡ್ಡ ಎಲಿ ಹಾಕ್ತಾರಂತ. ಎಲಿ ಹಾಕೂದು ನಮ್ಮ ಮನಿ ಮುಂದ, ಅಡಗಿ ಮಾತ್ರ ಹೊರಗಿನ ಭಟ್ರದ್ದು ಆದ್ರ ನಡ್ಯಾಂಗಿಲ್ಲ. ರೊಟ್ಟಿ, ಎಣಗಾಯಿ, ಮಾದ್ಲಿ, ಎಲ್ಲಾ ನಾ ಮಾಡ್ತೀನಿ. ಎಷ್ಟ ಮಂದಿ ಕುಂಡ್ರತಾರ ಅಷ್ಟ ಹೇಳ್ರಿ."

ಊಟಕ್ಕೆ ಎಲೆ! ಸರಕಾರ ಯಾವುದೋ ಮಂತ್ರಿಯ ಲೆಕ್ಕದಲ್ಲಿ ಊಟ ಹಾಕಿಸುತ್ತದೆ, ಎಲೆ ಹಾಕುವ ತನಕ ನಾವು ಎದ್ದು ಜಾಗ ಬಿಡಬೇಕು, ಆಮೇಲೆ ಬಂದು ಉಣ್ಣಬೇಕು ಎಂದೇ ಇಡೀ ವಸ್ತಿ ತಿಳಿದುಕೊಂಡಿತ್ತು. ನಮ್ಮ ಕಡೆ ಎಲಿ ಹಾಕ್ತಾರ, ಏಳ್ರಿ ಎಂದರೆ ಅದಕ್ಕೆ ಬೇರೆ ಅರ್ಥವೇ ಇಲ್ಲವಲ್ಲ! ನಾನು ತಡವರಿಸುತ್ತ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದೆ. ಸಾಹೇಬರಿಗೆ ಅರ್ಥವಾಗುವ ಮೊದಲೇ ಪಕ್ಕದ ಮೇಜಿನ ಗುಪ್ತೆ ಬಾಯಿಯವರಿಗೆ ಆಯಿತು. ಮರಾಠಿಯಲ್ಲೂ ಊಟಕ್ಕೆ ಪಾನ್ ಅಂದರೆ ಎಲೆಯನ್ನೇ ಹಾಕುವುದು. ಬಾಯಿಯವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಪ್ರಧಾನ್ ಸಾಹೇಬರು ಪಾಪ, ಆಕೆಗೆ ತಿಳಿಯಲಿ ಎಂದು ತಮ್ಮ ರಟ್ಟಿನ ಮಾಡೆಲ್ ತರಿಸಿದರು. ಅದರ ಮೇಲೆ ಪುಟ್ಟ ಪುಟ್ಟ ಆಟಿಕೆ ಕಾರುಗಳು ಇದ್ದವು.

ಶಾವಂತ್ರವ್ವ ಬಗ್ಗಿ ನೋಡಿದಳು.

"ಇವ ನಾಕ ಎಲಿ ಏನ್ರಿ? ಚಂದ ಅದಾವ. ಎಲಿ ನಡಬರಕ ಹಸರ ಹಚ್ಚೀರಲ್ಲ, ಏನದು?"

"ಲಾನ್" ಎಂದರು ಸಾಹೇಬರು. "ಹುಲ್ಲು" ಎಂದೆ ನಾನು.

"ಎಲಿ ಹಾಕಿ ಹುಲ್ಲ ಬಡಸ್ತೀರಿ? ಉಣ್ಣಾಕ ಕುಂಡ್ರೋರು ಯಾರು? ದನಾನ?"

ಇದನ್ನು ಅನುವಾದಿಸಲೋ ಬೇಡವೋ ಎಂದು ನಾನು ನಿಂತಿದ್ದೆ. ಅಷ್ಟರಲ್ಲಿ ಆಕೆಯ ನಗು ಇಳಿಯಿತು. ಮಾಡೆಲ್ಲಿನ ಒಂದು ಮೂಲೆಯಲ್ಲಿದ್ದ ರೈಲು ಹಳಿಯ ಗುರುತು ಹಿಡಿದು, ಅಲ್ಲಿಂದ ಬೆರಳು ಸರಿಸುತ್ತ ಬಂದು, ಹಸಿರು ಬಣ್ಣದ ಮೇಲೆ ನಿಲ್ಲಿಸಿದಳು.

"ಇದು ನನ್ನ ಒಲಿ ಇರೂ ಜಾಗಾ ಅಲ್ಲೇನೋ ತಮ್ಮಾ?"

"ಹೌದಕ್ಕಾ."

"ಹಂಗಾರ ನಾವು ಏಳೂದು ಒಂದ ದಿನಕ್ಕಲ್ಲ."

"ಅಲ್ಲ. ಕಾಯಂ."

"ಎಲ್ಲಿಗೆ ಒಗೀತೀರಿ ನಮ್ಮನ್ನ?"

"ದಹಿಸರ್ ಆಚೆ ಜಾಗಾ ಕೊಡ್ತಾರ."

ಆಕೆ ಮಾಡೆಲ್ಲಿನ ಮೇಲಿಂದ ಬೆರಳು ತೆಗೆದು, "ಅಲ್ಲಿ ಬಡದ ರೊಟ್ಟಿ ಇಲ್ಲಿ ಮುಟ್ಟೋತನಕ ಕಡಕ್ ರೊಟ್ಟಿ ಆಗ್ತಾವ" ಎಂದಳು. ಮಾತು ತಮಾಷೆಯದೇ, ಆದರೆ ಯಾರೂ ನಗಲಿಲ್ಲ. ಉಣ್ಣುವವರು ಬೈಕುಲ್ಲಾದಲ್ಲಿ, ಒಲೆ ದಹಿಸರದಲ್ಲಿ ಆದರೆ ಆಕೆಯ ಬದುಕು ಅಲ್ಲಿಗೆ ಮುಗಿದಂತೆಯೇ ಎಂದು ನನಗೆ ಆಗ ತಿಳಿಯಿತು. ಹೆಂಗಸರು ಕೈ ಮುಗಿಯದೆ ಹೊರಟುಹೋದರು.

ಅಂದೇ ಮಧ್ಯಾಹ್ನ ಗುಪ್ತೆ ಬಾಯಿ ನನ್ನನ್ನು ಕರೆದರು. "ದಹಿಸರದಿಂದ ದಿನಾ ಬರುವವಳು ನಾನು. ಆ ರೈಲಿನಲ್ಲಿ ರೊಟ್ಟಿ ಬುಟ್ಟಿ ಹೊತ್ತು ಬಾ ಅಂತ ಒಬ್ಬ ಹೆಂಗಸಿಗೆ ಹೇಳುವುದು ಯೋಜನೆ ಅಲ್ಲ, ಶಿಕ್ಷೆ" ಎಂದರು. ಅದೇ ಜಾಗದ ನಕ್ಷೆ ತೆಗೆದುಕೊಂಡು, ಅದೇ ನಾಲ್ಕು ಎಲೆಗಳ ಜಾಗದಲ್ಲಿ ಮೂರು ಕಟ್ಟಡಗಳನ್ನು, ಸ್ಟೇಷನ್ನಿನಿಂದ ನಾಕಾ ದಾಟಲು ಒಂದು ಪಾದಚಾರಿ ಸೇತುವೆಯನ್ನು, ಅದರ ಬಾಯಿಗೇ ಬಸ್ ಸ್ಟಾಪನ್ನು ಬರೆಯಲು ಹೇಳಿದರು. ಜನ ಕೆಲಸದ ಹತ್ತಿರವೇ ಇದ್ದರೆ, ರೈಲಿಗೆ ನಡೆದು ಹೋಗುವಂತಿದ್ದರೆ, ರಸ್ತೆಯ ಮೇಲೆ ರಸ್ತೆ ಹೊರಿಸುವ ಅಗತ್ಯವೇ ಬರುವುದಿಲ್ಲ ಎಂಬುದು ಅವರ ವಾದ. ನೀವು ಈಗ ಇದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಟಿದ್ದೀರಿ. ಬಾಯಿಯವರು ಅದನ್ನು ಮನೆಯ ಹತ್ತಿರ ಒಲೆ, ಒಲೆಯ ಹತ್ತಿರ ಹೊಟ್ಟೆ ಎನ್ನುತ್ತಿದ್ದರು.

ಆಗ ನನ್ನ ಪಾಡು ನೋಡಬೇಕಿತ್ತು. ಬೆಳಿಗ್ಗೆ ಪ್ರಧಾನ್ ಸಾಹೇಬರ ಎಲೆಗಳಿಗೆ ಕಂಬಿ ಬರೆಯುವುದು, ಮಧ್ಯಾಹ್ನ ಅದೇ ಕೈಯಿಂದ ಆ ಎಲೆಗಳ ಜಾಗದಲ್ಲಿ ಮನೆ ಬರೆಯುವುದು. ಒಬ್ಬರು ಬಂದಾಗ ಇನ್ನೊಬ್ಬರ ನಕ್ಷೆಯನ್ನು ಕೆಳಗೆ ತೂರಿಸಿ, ಮುಖ ಗಂಭೀರ ಮಾಡಿಕೊಂಡು ಕೂರುತ್ತಿದ್ದೆ. ಎರಡೂ ಯೋಜನೆಗಳು ಒಂದೇ ದಿನ ಸಮಿತಿಯ ಮುಂದೆ ಹೋಗಬೇಕಿತ್ತು.

ಪ್ರಿಂಟು ತೆಗೆಯುವುದು ಹುಸೇನಸಾಬನ ಕೆಲಸ ಎಂದೆನಲ್ಲ. ಟ್ರೇಸಿಂಗ್ ಬಟ್ಟೆಯನ್ನು ಮದ್ದು ಬಳಿದ ಕಾಗದದ ಮೇಲಿಟ್ಟು ಬೆಳಕು ಹಾಯಿಸಿದರೆ ಗೆರೆ ಇಳಿಯುತ್ತದೆ. ಎರಡು ಟ್ರೇಸಿಂಗ್ ಒಂದರ ಮೇಲೊಂದು ಕೂತರೆ ಎರಡರ ಗೆರೆಯೂ ಒಂದೇ ಕಾಗದಕ್ಕೆ ಇಳಿಯುತ್ತದೆ. ಅದೇ ಆಯಿತು. ಸಮಿತಿಯ ಮುಂದೆ ಹಾಸಿದ ಪ್ರಿಂಟಿನಲ್ಲಿ ಪ್ರಧಾನ್ ಸಾಹೇಬರ ಕಾರು ದಾರಿ ಗುಪ್ತೆ ಬಾಯಿಯವರ ಎರಡನೇ ಕಟ್ಟಡದ ಅಡಿಗೆಮನೆಯಿಂದ ಹೊಕ್ಕು, ಸಾಮೂಹಿಕ ಸಂಡಾಸಿನಿಂದ ಹೊರಬಿದ್ದು, ಮೆಟ್ಟಿಲು ಹತ್ತಿ ಹೋಗುತ್ತಿತ್ತು. ಹುಸೇನಸಾಬನ ಜೊತೆ ಬಾಗಿಲಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

ಅಧ್ಯಕ್ಷರು ಬಹಳ ಹೊತ್ತು ನೋಡಿದರು. ಅವರು ವಯಸ್ಸಾದ ಅಧಿಕಾರಿ, ನಕ್ಷೆ ಎಂದರೆ ಅವರಿಗೆ ತಲೆನೋವು. "ಇಷ್ಟು ವರ್ಷದಲ್ಲಿ ನನಗೆ ಅರ್ಥವಾದ ನಕ್ಷೆ ಇದೊಂದೇ" ಎಂದರು. "ಒಂದು ಎಲೆಯ ಕೆಳಗೆ ಎಷ್ಟು ಮನೆ ಹೋಗುತ್ತವೆ ಎಂದು ಕಣ್ಣಿಗೆ ಕಾಣುತ್ತದೆ. ಇದನ್ನು ಮಾಡಿದವರು ಯಾರು?"

ನಾನು ಹುಸೇನಸಾಬನ ಕಡೆ ನೋಡಿದೆ. ಹುಸೇನಸಾಬ ಮೇಲೆ ಫ್ಯಾನಿನ ಕಡೆ ನೋಡಿದ. ಆಮೇಲೆ ಹೊರಗೆ ಬಂದು ಕೇಳಿದರೆ, "ಬೆವರಿಗೆ ಎರಡೂ ಅಂಟ್ಕೊಂಡಿದ್ವು ಜೀ, ನಾ ಏನ್ ಮಾಡ್ಲಿ?" ಎಂದ. ಅದು ಜನವರಿ ತಿಂಗಳು. ಅವನು ಸಾಯುವ ತನಕ ಆ ಮಾತು ಬದಲಿಸಲಿಲ್ಲ.

ಅಂದು ನಾವು ಗೆದ್ದೆವು ಎಂದು ಬರೆದರೆ ಸುಳ್ಳಾದೀತು. ಸಮಿತಿ ಎರಡನ್ನೂ ಪರಿಶೀಲಿಸೋಣ ಎಂದಿತು, ಅಂದರೆ ಏನನ್ನೂ ಹೇಳಲಿಲ್ಲ. ಆಮೇಲೆ ಪೆಟ್ರೋಲ್ ಬೆಲೆ ಏರಿತು, ಸಿಮೆಂಟು ಪರ್ಮಿಟ್ಟಿಗೆ ಬಂತು. ಇಂಟರ್‌ಚೇಂಜಿಗೆ ಬೇಕಾದ ಸಿಮೆಂಟಿನ ಹೆಸರು ಕೇಳಿದರೇ ಮೇಲಿನವರು ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ನಾಲ್ಕು ಎಲೆ ಮೂಲೆಗೆ ಬಿತ್ತು. ಪ್ರಧಾನ್ ಸಾಹೇಬರು ಆಟಿಕೆ ಕಾರುಗಳನ್ನು ಒಂದೊಂದಾಗಿ ಎತ್ತಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ದರು. ಅದನ್ನು ನೋಡಿ ನನಗೂ ಪಾಪ ಅನ್ನಿಸಿತು. ಗುಪ್ತೆ ಬಾಯಿಯವರ ಮೂರು ಕಟ್ಟಡಗಳಿಗೆ ಮಂಜೂರಿ ಬಂತು, ಒಂದಾದ ಮೇಲೆ ಒಂದು ಕಟ್ಟಬೇಕು ಎಂಬ ಷರತ್ತಿನ ಮೇಲೆ.

ಮೊದಲ ಕಟ್ಟಡದ ಒಂದು ಖೋಲಿ ತಯಾರಾದಾಗ ಬಾಯಿಯವರು ಶಾವಂತ್ರವ್ವನನ್ನು ಕರೆದು ತೋರಿಸಿದರು. ಅಡಿಗೆಮನೆಯ ಕಟ್ಟೆ ನಾನು ಬರೆದದ್ದು, ನಿಂತು ಅಡಿಗೆ ಮಾಡುವಂಥದ್ದು, ಪುಸ್ತಕದ ಪ್ರಕಾರ. ಆಕೆ ಕಟ್ಟೆಯನ್ನು ತಟ್ಟಿ ನೋಡಿದಳು.

"ಚಂದ ಐತಿ. ನಿಂತ ರೊಟ್ಟಿ ಬಡಿಯೂದು ನಿಮ್ಮವ್ವ ಕಲಿಸ್ಯಾಳೇನೋ ತಮ್ಮಾ?"

ನಮ್ಮವ್ವ ಕುಳಿತೇ ಬಡಿಯುತ್ತಿದ್ದಳು. ಆಯಿತು, ಕೆಳಗೆ ಕುಳಿತು ಬಡಿ ಎಂದೆವು. ಆಕೆ ಹಿಟ್ಟು ತಂದು ಮೂರನೇ ಮಾಳಿಗೆಯ ಆ ಖೋಲಿಯಲ್ಲಿ ಕುಳಿತು ಬಡಿಯಲು ಶುರುಮಾಡಿದಳು. ಮೂರನೇ ರೊಟ್ಟಿಗೆ ಕೆಳಗಿನ ಮಾಳಿಗೆಯಲ್ಲಿ ಗೋಡೆಗೆ ಗಾರೆ ಮೆತ್ತಿ ಗಿಲಾಯಿ ಮಾಡುತ್ತಿದ್ದ ಗವಂಡಿ, ಯಾರೋ ನೆಲ ಒಡೆಯುತ್ತಿದ್ದಾರೆ ಎಂದು ಓಡಿ ಬಂದ. ಒಂದೆರಡು ರೊಟ್ಟಿಯ ಮಾತಲ್ಲ, ದಿನಾ ಬುಟ್ಟಿಗಟ್ಟಲೆ. ಗುಪ್ತೆ ಬಾಯಿ ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಮೊದಲ ಕಟ್ಟಡ ಎದ್ದಿತ್ತು, ಎರಡನೆಯದರ ಖೋಲಿಗಳೆಲ್ಲ ಆಗಲೇ ಹಂಚಿಕೆಯಾಗಿದ್ದವು, ಕೆಳಗೆ ಜಾಗವಿರಲಿಲ್ಲ. ಮೂರನೆಯದರ ನಕ್ಷೆ ತಿದ್ದಿ, ನೆಲದ ಮಟ್ಟದಲ್ಲಿ ರಸ್ತೆಗೆ ಬಾಗಿಲಿರುವ ಒಂದು ಖಾನಾವಳಿ, ಅದಕ್ಕೆ ಹೊಗೆಗೂಡು, ಹಿಂದೆ ಒಂದು ಖೋಲಿ ಬರೆದೆ. ನನ್ನ ಜೀವನದಲ್ಲಿ ಅಷ್ಟು ಪ್ರೀತಿಯಿಂದ ಬರೆದ ನಕ್ಷೆ ಇನ್ನೊಂದಿಲ್ಲ. ಒಲೆಯನ್ನು ಎಲ್ಲಿಡಬೇಕು ಎಂದು ಕೂಡ ಆಕೆಯನ್ನೇ ಕೇಳಿ ಬರೆದಿದ್ದೆ.

ಮೊದಲ ಕಟ್ಟಡಕ್ಕೆ ಜನ ಬಂದ ದಿನ ಶಾವಂತ್ರವ್ವ ಊಟಕ್ಕೆ ಕರೆದಳು. "ಎಲಿ ಅಂತ ಬಾಯಿ ಬಿಟ್ಟೀರಿ, ಹಾಕಲಾರ್ದ ಬಿಟ್ರ ಹೆಂಗ?" ಎಂದು ನಾಲ್ಕು ಎಲೆ ಹಾಕಿದ್ದಳು, ಮುತ್ತುಗದ ಪತ್ರೊಳಿ. ಗುಪ್ತೆ ಬಾಯಿ, ಹುಸೇನಸಾಬ, ನಾನು, ಮತ್ತು ನಾವು ಯಾರೂ ಬಂದಾರೆಂದು ನಂಬಿರದ ಪ್ರಧಾನ್ ಸಾಹೇಬರು. ಆಗ ಅವರಿಗೆ ಬಡ್ತಿ ಸಿಕ್ಕಿ, ಮುಂದಿನ ಕಟ್ಟಡಗಳ ಹಣಕ್ಕೆ ಅವರದೇ ಸಹಿ ಬೇಕಾಗಿತ್ತು. ಪ್ಯಾಂಟು ಬಿಗಿಯಾಗಿದ್ದರೂ ಕಷ್ಟಪಟ್ಟು ಚಕ್ಕಳಮಕ್ಕಳ ಹಾಕಿ ಕುಳಿತರು.

ರೊಟ್ಟಿಯ ಬುಟ್ಟಿ ಬಂತು. ಅದರ ಮೇಲೆ ಒಂದು ಮೆತ್ತನೆಯ ಬಿಳಿ ಬಟ್ಟೆ ಮುಚ್ಚಿತ್ತು. ಬಟ್ಟೆಯ ಮೇಲೆ ಮಸುಕಾಗಿ ನಾಲ್ಕು ಸುತ್ತು ಗೆರೆ. ಪ್ರಧಾನ್ ಸಾಹೇಬರ ಕಣ್ಣು ಅಲ್ಲಿಯೇ ನಿಂತಿತು. "ಅರೆ, ಹಾ ತರ್ ಮಾಝಾ ಕ್ಲೋವರ್ ಲೀಫ್!" ಎಂದು ತಮ್ಮ ನಕ್ಷೆಯ ಗುರುತು ಹಿಡಿದರು. ಹುಸೇನಸಾಬ ಎಲೆಯಿಂದ ಮುಖ ಎತ್ತಲಿಲ್ಲ. ರದ್ದಾದ ನಕ್ಷೆಯನ್ನು ತೊಳೆದು ತಂದು ಕೊಟ್ಟವನು ಅವನೇ. ಸಾಹೇಬರು ಬಟ್ಟೆಯ ತುದಿ ಹಿಡಿದು ನೋಡಿದರು, ಬಿಸಿ ರೊಟ್ಟಿಯ ಹಬೆಗೆ ಒದ್ದೆಯಾಗಿತ್ತು. ಆಮೇಲೆ ನಗಲು ಶುರುಮಾಡಿದರು, ಬಹಳ ಹೊತ್ತು ನಕ್ಕರು, ನಗುವಿನ ಕೊನೆಯಲ್ಲಿ ಕಣ್ಣು ಒರೆಸಿಕೊಂಡರು.

ಅವರು ಎಂದಿನಂತೆ ಬೇಗ ಬೇಗ ಉಂಡು, ಗಡಿಯಾರ ನೋಡಿ ಏಳಲು ಹೊರಟರು. ಶಾವಂತ್ರವ್ವ ಸಿಹಿ ಮಾದ್ಲಿಯ ಪಾತ್ರೆ ಹಿಡಿದು ಅಡ್ಡ ನಿಂತಳು.

"ಸಾಹೇಬ್ರ, ಕುಂಡ್ರಿ. ಹುಸೇನಣ್ಣಂದು ಇನ್ನಾ ಮುಗದಿಲ್ಲ. ಪಂಗ್ತ್ಯಾಗ ಒಬ್ರ ಮೊದಲ ಏಳಬಾರ್ದು."

ಪಂಗ್ತಿ ಎಂಬ ಮಾತು ಮರಾಠಿಯವರಿಗೂ ಗೊತ್ತು. ಸಾಹೇಬರು ಶಾಲೆಯ ಹುಡುಗನಂತೆ ಮತ್ತೆ ಕುಳಿತರು. ಹುಸೇನಸಾಬ ಇನ್ನೂ ನಿಧಾನವಾಗಿ ತಿನ್ನಲು ಶುರುಮಾಡಿದ.

"ಇದು ಮೊದಲ್ನೇ ಪಂಗ್ತಿ ಆತು" ಎಂದಳು ಶಾವಂತ್ರವ್ವ, ಹೊಸ ಕಟ್ಟಡದ ಕಡೆ ಕೈ ಮಾಡಿ. "ಎರಡ್ನೇ ಪಂಗ್ತಿ ಯಾವಾಗ ಕುಂಡ್ರಸ್ತೀರಿ?"

ಸಾಹೇಬರು ಎಲೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿ, ಆದಷ್ಟು ಬೇಗ ಎಂದರು. ಗುಪ್ತೆ ಬಾಯಿ ನಗುತ್ತ, "ಶಾವಂತ್ರಾಬಾಯಿ, ನೀನು ಮೂರನೆಯದರ ತನಕ ಕಾಯಬೇಕಲ್ಲ. ಬೇಜಾರಿಲ್ಲವೇ?" ಎಂದು ಕೇಳಿದರು. ನಾನು ಅನುವಾದಿಸಿದೆ.

"ಬಡಸೋರು ಕಡೀ ಪಂಗ್ತಿಗೆ ಕುಂಡ್ರಬೇಕ್ರಿ ಬಾಯಾರ. ಅದು ರೂಢಿ" ಎಂದಳು ಆಕೆ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಹಂತ ಎಂಬ ಮಾತು ಹೋಗಿ ಪಂಗತ್ ಎಂಬುದು ಬಂತು. ಪ್ರಧಾನ್ ಸಾಹೇಬರು ಮಾತು ಉಳಿಸಿಕೊಂಡರು. ಎಪ್ಪತ್ತರ ದಶಕ ಮುಗಿಯುವುದರೊಳಗೆ ಎರಡನೇ ಪಂಕ್ತಿ ಕುಳಿತಿತು. ಪಾದಚಾರಿ ಸೇತುವೆಯೂ ಬಂತು, ಒಂದೇ ಕಡೆ ಮೆಟ್ಟಿಲು ಇಟ್ಟು ಕೆಲವು ತಿಂಗಳು ಜನರನ್ನು ನಡುವೆ ನಿಲ್ಲಿಸಿದ ಕಥೆ ಬೇರೆ. ಮೂರನೆಯ ಕಟ್ಟಡಕ್ಕೆ ಮಾತ್ರ ಪ್ರತಿ ವರ್ಷ ಒಂದೊಂದು ಅಡ್ಡಿ. ಗುಪ್ತೆ ಬಾಯಿ ನಿವೃತ್ತರಾದರು. ಪ್ರಧಾನ್ ಸಾಹೇಬರು ನಿವೃತ್ತರಾದ ದಿನ ಹಾರ ಹಾಕಿಸಿಕೊಂಡು ಹೊರಡುವಾಗ ನನ್ನ ಹತ್ತಿರ ನಿಂತು, "ಬಿರಾದಾರ್, ತಿಸ್ರೀ ಪಂಗತ್?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರು ನನ್ನ ಭುಜ ತಟ್ಟಿ ಹೋದರು, ಅವತ್ತು ಅವರಿಗೆ ಅವಸರವಿರಲಿಲ್ಲ.

ಶಾವಂತ್ರವ್ವ ಅದೇ ತಗಡಿನ ಮಾಡಿನ ಕೆಳಗೆ, ಅದೇ ಎರಡು ಒಲೆಗಳ ಮುಂದೆ ರೊಟ್ಟಿ ಬಡಿಯುತ್ತಲೇ ಹೋದಳು. ಎರಡು ಪಂಕ್ತಿಗೆ ಬಡಿಸಿದವಳಿಗೆ ಸಾಯುವ ತನಕ ಕೊನೆಯ ಪಂಕ್ತಿಯ ಎಲೆ ಬೀಳಲೇ ಇಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಈಗ ಖಾನಾವಳಿ ಆಕೆಯ ಸೊಸೆ ನಡೆಸುತ್ತಾಳೆ. ನಾನು ಸೇವೆಯಿಂದ ಬಿಡುಗಡೆಯಾದ ವಾರ ಅಲ್ಲಿಗೆ ಉಣ್ಣಲು ಹೋಗಿದ್ದೆ. ಸೊಸೆ ಎರಡನೇ ರೊಟ್ಟಿ ಹಾಕುತ್ತ, "ಕಾಕಾ, ನಮ್ಮ ಬಿಲ್ಡಿಂಗಿಂದು ಏನಾತ್ರಿ?" ಎಂದು ಕೇಳಿದಳು.

"ನಾ ರಿಟೈರ್ ಆದ್ನವಾ. ಇನ್ನ ನನ್ನ ಕೈಯಾಗ ಏನೂ ಇಲ್ಲ" ಎಂದೆ. ನನ್ನ ಊಟ ಮುಗಿದಿತ್ತು. ತಾಟು ಹಿಡಿದು ಏಳಲು ಹೋದೆ.

ಆಕೆ ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ ಕೂಲಿಯವರ ಕಡೆ ನೋಡಿ, ಅತ್ತೆಯ ದನಿಯಲ್ಲೇ ಹೇಳಿದಳು.

"ಕುಂಡ್ರಿ ಕಾಕಾ. ಇನ್ನಾ ಎಲ್ಲಾರ್ದೂ ಮುಗದಿಲ್ಲ."

ನಾನು ಮತ್ತೆ ಕುಳಿತೆ.